ನಿಮಗಿದು ಗೊತ್ತೆ? ಕೊಳೆತ ಬದನೆಕಾಯಿಯಲ್ಲಿ ಸಿಕ್ಕ ಮದ್ದು

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ, ಶ್ವಾಸಕೋಶವೇ ಬ್ಯಾಕ್ಟೀರಿಯಾಗಳ ಬೀಡಾಗುತ್ತದೆ. ಲಂಡನ್ನಿನಲ್ಲಿ ಈ ಕಾಯಿಲೆಯ 15 ವರ್ಷದ ಹುಡುಗಿಯೊಬ್ಬಳಿಗೆ ಎರಡೂ ಶ್ವಾಸಕೋಶ ಬದಲಿಸಿದರೂ, 'ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್' ಎಂಬ ಬ್ಯಾಕ್ಟೀರಿಯಾದ ಸೋಂಕು ಮೈಯೆಲ್ಲ ಹಬ್ಬಿತು. ಆ್ಯಂಟಿಬಯಾಟಿಕ್‌ಗಳು ಸೋತವು.

2018ರಲ್ಲಿ ವೈದ್ಯರು ಆಕೆಯ ರಕ್ತಕ್ಕೆ ಹರಿಸಿದ್ದು ವೈರಸ್‌ಗಳನ್ನು! ಫೇಜ್ ಎಂಬ ಇವು ಬ್ಯಾಕ್ಟೀರಿಯಾವನ್ನು ಹೊಕ್ಕು ಒಡೆಯುತ್ತವೆ. ನಮ್ಮ ಜೀವಕೋಶಗಳ ತಂಟೆಗೆ ಬರುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ತಂಡ ತನ್ನಲ್ಲಿದ್ದ ಸಾವಿರಾರು ಫೇಜ್‌ಗಳ ಸಂಗ್ರಹ ಜಾಲಾಡಿ ಮೂರನ್ನು ಆರಿಸಿಕೊಟ್ಟಿತ್ತು. ಅದರಲ್ಲೊಂದು, 'ಮಡ್ಡಿ', ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಕೊಳೆಯುತ್ತಿದ್ದ ಬದನೆಕಾಯಿಯ ತಳದಲ್ಲಿ! ಉಳಿದೆರಡರ ಜೀನ್‌ಗಳನ್ನು ತಿದ್ದಬೇಕಾಯಿತು.

ಸೋಂಕು ಪೂರ್ತಿ ಅಳಿಯಲಿಲ್ಲ, ನಿಜ. ಆದರೆ ಕೆಲವೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯ ಗಾಯ ಮಾಯಿತು, ಯಕೃತ್ತು ಚೇತರಿಸಿಕೊಂಡಿತು, ಹುಡುಗಿ ದಿನನಿತ್ಯದ ಬದುಕಿಗೆ ಮರಳಿದಳು.