ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಯುಷ್ಯ

ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕವು ನಡೆಯುವ ಆಯುಧಪೂಜೆಯ ದಿನ ನಮ್ಮ ಸೀಮೆಯ ಮನೆಮನೆಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳಿಗೆ ಪೂಜೆ ಸಲ್ಲುತ್ತದೆ. ಈಚಿನ ವರ್ಷಗಳಲ್ಲಿ ಲ್ಯಾಪ್‌ಟಾಪೂ ಕುಂಕುಮ ಹಚ್ಚಿಸಿಕೊಂಡು ಆ ಸಾಲಿಗೆ ಸೇರಿದೆ. ಆದರೆ ಕುಂಟೆಯ ಕುಡ ಸವೆದರೆ ಕುಡವನ್ನಷ್ಟೇ ಬದಲಿಸುವ ನಾವು, ಲ್ಯಾಪ್‌ಟಾಪು ನಿಧಾನವಾದೊಡನೆ ಇಡೀ ಯಂತ್ರವನ್ನೇ ಮೂಲೆಗೆ ತಳ್ಳಿಬಿಡುತ್ತೇವೆ. ಇದು ಸರಿಯೇ?

ಈ ಪ್ರಶ್ನೆಯು ನಮ್ಮಂತಹ ವಿದ್ಯಾರ್ಥಿಗಳಿಗೆ ಬರಿಯ ವಿನೋದದ್ದಲ್ಲ. ಹಿಂದಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪುಗಳನ್ನು ಹಂಚಿತು. ಅಣ್ಣನು ಓದಿ ಬಿಟ್ಟ ಯಂತ್ರವು ತಮ್ಮನ ಕೈಗೆ ಬಂದಿರುವ ಮನೆಗಳು ಎಷ್ಟೋ ಇವೆ. ಹೊಸದನ್ನು ಕೊಳ್ಳಬೇಕೆಂದರೆ ಗೋವಿನಜೋಳವನ್ನೋ ಹತ್ತಿಯನ್ನೋ ಮಾರಿದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆದುದರಿಂದ ಹಳೆಯದಕ್ಕೆ ಬಂದಿರುವ ರೋಗವಾವುದೆಂದು ಮೊದಲು ತಿಳಿಯುವುದು ಒಳ್ಳೆಯದು.

ಲ್ಯಾಪ್‌ಟಾಪಿನಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು ರ‍್ಯಾಮ್, ಇನ್ನೊಂದು ಡಿಸ್ಕು. ಇವೆರಡರ ಭೇದವನ್ನು ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ, ರ‍್ಯಾಮು ಕಣ, ಡಿಸ್ಕು ಹಗೇವು. ಒಕ್ಕುವುದು, ತೂರುವುದು ಎಲ್ಲವೂ ಕಣದಲ್ಲಿ. ಸುಗ್ಗಿ ಮುಗಿದ ಮೇಲೆ ಕಣವು ಬರಿದು. ಹಗೇವಿನ ಕಾಳು ಮಾತ್ರ ಉಳಿಯುತ್ತದೆ. ಹಾಗೆಯೇ ಯಂತ್ರವನ್ನು ಆರಿಸಿದೊಡನೆ ರ‍್ಯಾಮು ಬರಿದಾಗುತ್ತದೆ, ಡಿಸ್ಕಿನಲ್ಲಿಟ್ಟದ್ದು ಉಳಿಯುತ್ತದೆ.

ರ‍್ಯಾಮು ಏಕೆ ಬರಿದಾಗಬೇಕು? ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ಇಂಜಿನಿಯರರು ೧೯೬೬ರಲ್ಲಿ ಇದರ ಉಪಾಯವನ್ನು ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು ಕೂಡಿ ಒಂದು ಬಿಟ್. ಕೆಪಾಸಿಟರೆಂಬುದು ವಿದ್ಯುತ್ತಿನ ಸಣ್ಣ ಕೊಡ, ಅದೂ ಸೋರುವ ಕೊಡ. ಸೆಕೆಂಡಿಗೆ ಹಲವು ಸಲ ಅದನ್ನು ಮರಳಿ ತುಂಬುತ್ತಿರಬೇಕು. ವಿದ್ಯುತ್ತು ನಿಂತರೆ ಎಲ್ಲವೂ ಸೋರಿಹೋಗುತ್ತದೆ. ೧೯೭೦ರಲ್ಲಿ ಇಂಟೆಲ್ ಕಂಪನಿಯು ಮಾರಾಟಕ್ಕೆ ತಂದ ಇಂತಹ ಚಿಪ್ಪಿನಲ್ಲಿ ೧,೦೨೪ ಬಿಟ್‌ಗಳಿದ್ದವು. ಇಂದಿನ ೮ ಜಿ.ಬಿ. ರ‍್ಯಾಮಿನಲ್ಲಿ ಸುಮಾರು ೬,೮೭೨ ಕೋಟಿ ಬಿಟ್‌ಗಳಿವೆ!

ಕಣವು ಕಿರಿದಾಗಿ ತೆನೆ ಹೆಚ್ಚಾದರೆ ಏನು ಗತಿ? ಅರ್ಧ ಒಕ್ಕಿದ ರಾಶಿಯನ್ನು ಹಗೇವಿಗಿಳಿಸುವುದು, ಮತ್ತೆ ಮೇಲೆತ್ತುವುದು, ಇದರಲ್ಲಿಯೇ ಹೊತ್ತು ಕಳೆದೀತು. ರೈತನಾವನೂ ಹೀಗೆ ಮಾಡಲಾರನು. ಲ್ಯಾಪ್‌ಟಾಪು ಮಾತ್ರ ಹೀಗೆಯೇ ಮಾಡುತ್ತದೆ. ರ‍್ಯಾಮಿನಲ್ಲಿಯ ಒಂದು ಮಾಹಿತಿಯನ್ನು ತೆಗೆಯಲು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿಯಾದರೋ ಮಿನಿಟಿಗೆ ೫,೪೦೦ ಸುತ್ತು ತಿರುಗುವ ತಟ್ಟೆಯಿದೆ; ಒಂದು ಸುತ್ತಿಗೇ ಸೆಕೆಂಡಿನ ಸುಮಾರು ತೊಂಬತ್ತನೆಯ ಒಂದು ಪಾಲು ಬೇಕು. ಲಕ್ಷ ಪಟ್ಟಿಗೂ ಮೀರಿದ ಅಂತರ! ಯಂತ್ರವು ತೆವಳುವುದು ಇಲ್ಲಿಯೇ.

ಈಗ ಪರೀಕ್ಷೆಯ ಮಾತು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿಸಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿತ್ಯದ ಕೆಲಸವನ್ನು ನಡೆಸುತ್ತಲೇ ಅದನ್ನು ನೋಡಬೇಕು. ಮೆಮೊರಿಯು ಸದಾ ತುಂಬಿದಂತಿದ್ದರೆ ರ‍್ಯಾಮು ಸಾಲದು. ಮೆಮೊರಿಯಲ್ಲಿ ಜಾಗವಿದ್ದೂ ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದ್ದರೆ ದೋಷವು ಹಾರ್ಡ್ ಡಿಸ್ಕಿನದು. ಅಲ್ಲಿ ರ‍್ಯಾಮು ಹಾಕಿಸಿ ಫಲವಿಲ್ಲ. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯನ್ನು ಕೂಡಿಸಿದರೆ ಯಂತ್ರವು ಬೇಗನೆ ಎಚ್ಚರಗೊಳ್ಳುತ್ತದೆ. ಡಿಸ್ಕು ಬದಲಿಸುವ ಮುನ್ನ ನೋಟ್ಸು, ಫೋಟೊಗಳನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಎರಡಕ್ಕೂ ಮೊದಲು, ಯಂತ್ರ ಚಾಲೂ ಆಗುವಾಗ ತಾವಾಗಿ ತೆರೆದುಕೊಳ್ಳುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸಿ ನೋಡಬೇಕು. ಈ ಮದ್ದಿಗೆ ಕಾಸಿನ ಖರ್ಚಿಲ್ಲ.

ರ‍್ಯಾಮು ಕೊಳ್ಳುವವರು ಜಾತಿಯನ್ನರಿತು ಕೊಳ್ಳಬೇಕು. ಲ್ಯಾಪ್‌ಟಾಪಿನ ಡಿ.ಡಿ.ಆರ್.೩ ಕಾರ್ಡಿಗೆ ೨೦೪ ಪಿನ್ನುಗಳು, ಡಿ.ಡಿ.ಆರ್.೪ಕ್ಕೆ ೨೬೦, ಒಂದರ ಗೂಡಿನಲ್ಲಿ ಇನ್ನೊಂದು ಕೂಡದು. ಡಿ.ಡಿ.ಆರ್.೩ರಲ್ಲಿಯೂ ೧.೫ ವೋಲ್ಟಿನದು, ೧.೩೫ ವೋಲ್ಟಿನದು ಎಂದು ಎರಡುಂಟು, ೧.೩೫ನ್ನೇ ಬೇಡುವ ಯಂತ್ರಕ್ಕೆ ೧.೫ರದನ್ನು ಹಾಕಬಾರದು. ಟಾಸ್ಕ್ ಮ್ಯಾನೇಜರಿನಲ್ಲಿಯೇ ಗೂಡುಗಳೆಷ್ಟು, ತುಂಬಿದವೆಷ್ಟು ಎಂಬುದು ಕಾಣುತ್ತದೆ. ತೆಳು ಯಂತ್ರಗಳು ಹಲವುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಹೆಚ್ಚಿಸುವ ಮಾತಿಲ್ಲ. ೩೨ ಬಿಟ್ಟಿನ ವಿಂಡೋಸ್ ಇದ್ದರೆ ೪ ಜಿ.ಬಿ.ಗೆ ಮಿಕ್ಕಿದ್ದು ಉಪಯೋಗಕ್ಕೆ ಬಾರದು. ಬರವಣಿಗೆ, ಅಂತರ್ಜಾಲ, ವಿಡಿಯೊ ಪಾಠಗಳಿಗೆ ೮ ಜಿ.ಬಿ. ಸಾಕು.

ಕೂಡಿಸುವ ಕೆಲಸ ಕಷ್ಟದ್ದಲ್ಲ. ಯಂತ್ರವನ್ನು ಆರಿಸಿ, ಚಾರ್ಜರನ್ನೂ ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಬೇಕು. ಮೈಯಲ್ಲಿಯ ಸ್ಥಿರ ವಿದ್ಯುತ್ತು ಚಿಪ್ಪಿಗೆ ಕೇಡು. ಆದುದರಿಂದ ಮೊದಲು ಒಂದು ದೊಡ್ಡ ಲೋಹದ ವಸ್ತುವನ್ನು ಮುಟ್ಟಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಪಕ್ಕದ ಕೊಂಡಿಗಳು 'ಟಕ್' ಎಂದು ಹಿಡಿಯುತ್ತವೆ.

ಆಯುಷ್ಯವನ್ನು ಕುಗ್ಗಿಸುವ ಬೇರೆ ಶತ್ರುಗಳೂ ಉಂಟು. ನಮ್ಮ ಎರೆಹೊಲಗಳ ಧೂಳು ಫ್ಯಾನಿನಲ್ಲಿ ಕಟ್ಟಿಕೊಂಡರೆ ಶಾಖವೇರಿ ಯಂತ್ರವು ತಾನಾಗಿ ವೇಗ ತಗ್ಗಿಸುತ್ತದೆ. ಹಾಸಿಗೆಯ ಮೇಲಿಟ್ಟರೆ ಗಾಳಿಯ ದಾರಿ ಮುಚ್ಚುತ್ತದೆ. ಬ್ಯಾಟರಿ ಉಬ್ಬಿದ್ದರೆ ಬಳಸುವುದನ್ನು ಆ ಕ್ಷಣವೇ ನಿಲ್ಲಿಸಬೇಕು, ಬೆಂಕಿಯ ಭಯವಿದೆ.

ಇನ್ನೊಂದು ತೊಡಕು ತಂತ್ರಾಂಶದ್ದು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ರ ನಿಯಮಗಳಿಗೆ ೨೦೧೭ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಬಹುಪಾಲು ಹೊಂದುವುದಿಲ್ಲ. ಇಂತಹವುಗಳಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯಿದೆ. ಅದರಲ್ಲಿ ಯೂನಿಕೋಡ್ ಕನ್ನಡವನ್ನು ಓದಿ ಬರೆಯಲು ಅಡ್ಡಿಯಿಲ್ಲ.

ಹಾಗೆಂದು ಎಲ್ಲ ಯಂತ್ರವನ್ನೂ ಉಳಿಸಬೇಕೆಂಬ ಹಟವೂ ಸಲ್ಲದು. ಬೋರ್ಡು ಸುಟ್ಟು, ಪರದೆಯೊಡೆದು, ದುರಸ್ತಿಯ ಖರ್ಚು ಯಂತ್ರದ ಬೆಲೆಗೆ ಸಮೀಪಿಸಿದರೆ ಬಿಡುವುದೇ ಜಾಣತನ. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಆದುದರಿಂದ ಕೆಟ್ಟ ಯಂತ್ರದಲ್ಲಿಯ ಒಳ್ಳೆಯ ಕಾರ್ಡು ಗೆಳೆಯನ ಯಂತ್ರಕ್ಕೆ ಒದಗಿದರೆ ಅದೂ ಒಂದು ಲಾಭವೇ. ಉಳಿದದ್ದನ್ನು ತಿಪ್ಪೆಗೆಸೆಯದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು. ಸೀಸವೇ ಮೊದಲಾದ ವಿಷಗಳು ಹೊಲದ ಮಣ್ಣಿಗಿಳಿಯಬಾರದು.

ಸಹಪಾಠಿಗಳೇ, ಅಂಗಡಿಗೆ ಹೋಗುವ ಮುನ್ನ ಕಾಲು ಗಂಟೆ ನಿಮ್ಮ ಯಂತ್ರವನ್ನು ಪರೀಕ್ಷಿಸಿರಿ. ಅದಕ್ಕೆ ಏನು ಕೊರತೆಯೆಂಬುದನ್ನು ಅದೇ ತೋರಿಸುತ್ತದೆ. ಕೊರತೆಯನ್ನರಿತವನು ಅಷ್ಟನ್ನೇ ಕೊಳ್ಳುತ್ತಾನೆ. ಅರಿಯದವನು ಅಂಗಡಿಯವನು ಹೇಳಿದ್ದನ್ನೆಲ್ಲ ಕೊಳ್ಳುತ್ತಾನೆ.