ಮಗುವಿನ ಸ್ವಭಾವವೂ ನೀತಿಶಿಕ್ಷಣವೂ

ಶಾಲೆಗಳಲ್ಲಿ ನೀತಿಶಿಕ್ಷಣಕ್ಕೆ ಯಾವ ಗ್ರಂಥವನ್ನಿಡಬೇಕೆಂಬ ವಾದವು ನಮ್ಮ ನಾಡಿನಲ್ಲಿ ಆಗಾಗ ತಲೆಯೆತ್ತುತ್ತಿರುವುದು. ಗ್ರಂಥವಾವುದೆಂದು ಕೇಳುವ ಮೊದಲು ಮಗುವೆಂಥದೆಂದು ಕೇಳಿದವರು ಪ್ರಾಚೀನ ಚೀನ ದೇಶದ ಪಂಡಿತರು. ಸಹಕಾರನಗರದ ವಾಚಕರಿಗೆ ಈ ಪ್ರಶ್ನೆ ದೂರದ್ದಾಗಿ ತೋರಬೇಕಾಗಿಲ್ಲ. ಸಹಕಾರವು ಹುಟ್ಟುಗುಣವೋ ಕಲಿತ ಗುಣವೋ ಎಂಬುದು ಅವರ ಬಡಾವಣೆಯ ಹೆಸರಿನಲ್ಲಿಯೇ ಅಡಗಿರುವುದು.

ಹುಟ್ಟಿನಿಂದ ಮನುಷ್ಯರು ಹತ್ತಿರದವರು, ಅಭ್ಯಾಸದಿಂದ ದೂರವಾಗುವರು ಎಂದಿಷ್ಟೇ ಹೇಳಿ ಕನ್‌ಫ್ಯೂಷಿಯಸನು (ಕ್ರಿ.ಪೂ. 551–479) ಸುಮ್ಮನಾದನು. ಕ್ರಿ.ಪೂ. ನಾಲ್ಕನೆಯ ಶತಮಾನದ ಮೆನ್ಸಿಯಸನು ಸುಮ್ಮನಿರಲಿಲ್ಲ. ಬಾವಿಗೆ ಬೀಳಲಿರುವ ಕೂಸನ್ನು ಕಂಡರೆ ಎಂಥವನ ಎದೆಯೂ ಝಲ್ಲೆನ್ನುವುದು, ಅದು ಕೀರ್ತಿಯಾಸೆಯಿಂದಲ್ಲ. ಆ ಕರುಣೆಯೇ ಸದ್ಗುಣದ ಮೊಳಕೆ ಎಂದನು. ಹಾಗಾದರೆ ದುಷ್ಟರೆಲ್ಲಿಂದ ಬಂದರು? ಇದಕ್ಕೆ ಅವನು ಕೊಟ್ಟ ದೃಷ್ಟಾಂತ ಎತ್ತಿನ ಗುಡ್ಡದ್ದು. ಗುಡ್ಡದಲ್ಲಿ ಸೊಗಸಾದ ಮರಗಳಿದ್ದುವು. ದೊಡ್ಡ ಪಟ್ಟಣದ ಮಗ್ಗುಲಲ್ಲಿದ್ದುದೇ ಅದರ ದೌರ್ಭಾಗ್ಯ. ಕೊಡಲಿ ಬಿದ್ದಿತು, ಚಿಗುರಿದುದನ್ನು ದನಕುರಿಗಳು ಮೇಯ್ದುವು, ಬೋಳುಗುಡ್ಡವನ್ನು ಕಂಡವರು ಇಲ್ಲಿ ಮರವೇ ಇರಲಿಲ್ಲವೆಂದರು. ಹೆಬ್ಬಾಳ, ಕೊಡಿಗೇಹಳ್ಳಿಗಳನ್ನು ಬೆಂಗಳೂರು ನುಂಗಿದುದನ್ನು ಕಂಡವರಿಗೆ ಇದರ ಟೀಕೆ ಬೇಕಾಗಿಲ್ಲ.

ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಮೇಲಕ್ಕೆಳೆದು ಒಣಗಿಸಿದ ಮೂಢ ರೈತನ ಕಥೆಯೂ ಅವನದೇ. ಕೃಷಿ ವಿಶ್ವವಿದ್ಯಾನಿಲಯದ ನೆರೆಯಲ್ಲಿದ್ದುಕೊಂಡೇ ಮೂರು ವರ್ಷದ ಕೂಸನ್ನು ಮನೆಪಾಠಕ್ಕಟ್ಟುವ ತಂದೆತಾಯಿಗಳು ಅದನ್ನು ಓದಬೇಕು!

ಮುಂದಿನ ಶತಮಾನದ ಷುನ್‌ತ್ಸೆಯು ಇದನ್ನೊಪ್ಪಲಿಲ್ಲ. ಸ್ವಭಾವವು ಕೆಟ್ಟದು, ಡೊಂಕು ಮರವನ್ನು ಹಬೆಯಲ್ಲಿಟ್ಟು ಒತ್ತಿದಂತೆ ಗುರುವೂ ಆಚಾರವೂ ಅದನ್ನು ತಿದ್ದಬೇಕೆಂದನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮ್ಮ ಹಿರಿಯರು ಇವನ ಪಕ್ಷದವರೆಂದು ತೋರುವುದು. ಆದರೂ ಬೀದಿಯ ಸಾಮಾನ್ಯನೂ ಮಹಾಪುರುಷನಾಗಬಲ್ಲನೆಂಬ ನಂಬಿಕೆಯನ್ನು ಅವನು ಬಿಡಲಿಲ್ಲ. ಅವನ ಶಿಷ್ಯ ಲೀಸುವು ಗುರುವನ್ನು ಬಿಟ್ಟು ದಂಡವನ್ನು ಹಿಡಿದನು, ಕ್ರಿ.ಪೂ. 213ರಲ್ಲಿ ಚಕ್ರವರ್ತಿಗೆ ಗ್ರಂಥದಹನದ ಸಲಹೆಯಿತ್ತವನು ಅವನೇ.

ನಾವು ಮೆನ್ಸಿಯಸನ ಕಡೆಗೆ ವಾಲುವೆವು. ಮೊಳಕೆಯ ಮಾತಿಗಿಂತ ಹೆಚ್ಚಾಗಿ ಅವನ ಇನ್ನೊಂದು ಮಾತು ಅದಕ್ಕೆ ಕಾರಣ. ನಿಶ್ಚಿತ ಜೀವನೋಪಾಯವಿಲ್ಲದ ಜನರಲ್ಲಿ ನಿಶ್ಚಿತ ಮನಸ್ಸನ್ನು ನಿರೀಕ್ಷಿಸಲಾಗದು. ಮೊದಲು ಅನ್ನ, ಅನಂತರ ಶಾಲೆ ಎಂದು ಅವನು ಅರಸರಿಗೇ ಹೇಳಿದನು. ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣವೀಯುವ ಕಾಯಿದೆಯು ನಮ್ಮಲ್ಲಿ 2010ರಲ್ಲಿ ಜಾರಿಗೆ ಬಂದಿತು. ಆದರೆ ಒಂದು ಕಟ್ಟಡ ಮುಗಿಯುತ್ತಲೇ ಮತ್ತೊಂದಕ್ಕೆ ಗುಳೆಹೋಗುವ ಕೂಲಿಕಾರರ ಮಕ್ಕಳು ಒಂದೇ ಶಾಲೆಯಲ್ಲಿ ನೆಲೆನಿಲ್ಲುವುದು ಹೇಗೆ? ನೀತಿಗ್ರಂಥವನ್ನು ಗೊತ್ತುಮಾಡುವ ಅಧಿಕಾರಿಗಳು ಈ ಮಕ್ಕಳನ್ನು ಯಾವ ತರಗತಿಯಲ್ಲಿ ಕುಳ್ಳಿರಿಸುವರೆಂಬುದನ್ನೂ ಜೊತೆಯಲ್ಲಿಯೇ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ.