ಲೆಕ್ಕದಲ್ಲಿ ಶೂನ್ಯ, ಹರಾಜಿನಲ್ಲಿ ಲಕ್ಷಾಂತರ ಡಾಲರ್
ಹಳೆಯ ಗಣಕಯಂತ್ರಗಳ ಸಂಗ್ರಹಣೆ ಮತ್ತು ಅದರ ತೊಡಕುಗಳು

ಯಂತ್ರವೊಂದನ್ನು ಕೊಂಡ ದಿನದಿಂದಲೇ ಅದರ ಮೌಲ್ಯ ಇಳಿಯತೊಡಗುತ್ತದೆ ಎಂಬುದು ವಾಣಿಜ್ಯ ಲೋಕದ ಮೂಲಪಾಠಗಳಲ್ಲೊಂದು. ಪ್ರತಿವರ್ಷ ಸವಕಳಿಯನ್ನು ಕಳೆಯುತ್ತ ಬಂದು, ಉಳಿಕೆ ಮೌಲ್ಯವು ನಗಣ್ಯವಾದಾಗ ಯಂತ್ರವನ್ನು ಗುಜರಿಗೆ ಹಾಕಿ ಜಾಗ ಖಾಲಿ ಮಾಡುವುದು ವಾಡಿಕೆ. ಗಣಕಯಂತ್ರಗಳ ವಿಷಯದಲ್ಲಂತೂ ಈ ಇಳಿಕೆ ಅತಿ ತೀವ್ರವಾದುದು. ಭಾರತದ ಆದಾಯ ತೆರಿಗೆ ನಿಯಮಗಳಲ್ಲಿ ಕಂಪ್ಯೂಟರ್‌ಗಳ ಸವಕಳಿ ದರವು ಅನೇಕ ವರ್ಷಗಳ ಕಾಲ ಶೇಕಡಾ 60ರಷ್ಟಿದ್ದು, 2017ರ ಏಪ್ರಿಲ್ 1ರಿಂದ ಶೇಕಡಾ 40ಕ್ಕೆ ಇಳಿಯಿತು. ಹಿಂದಿನ ದರದಂತೆ 1,00,000 ರೂಪಾಯಿಗೆ ಕೊಂಡ ಯಂತ್ರದ ಪುಸ್ತಕ ಮೌಲ್ಯ ಐದು ವರ್ಷಗಳ ಕೊನೆಗೆ ಕೇವಲ 1,024 ರೂಪಾಯಿ. ಇಳಿಸಿದ ದರದಲ್ಲಿಯೂ 7,776 ರೂಪಾಯಿ ಮಾತ್ರ.

ಹೀಗೆ ಲೆಕ್ಕಪುಸ್ತಕದಿಂದ ಮರೆಯಾದ ಯಂತ್ರಗಳನ್ನೇ ದಶಕಗಳ ನಂತರ ಹುಡುಕಿಕೊಂಡು ಹೊರಟಿರುವ ಸಂಗ್ರಾಹಕರು ಜಗತ್ತಿನಾದ್ಯಂತ ಇದ್ದಾರೆ. 1976ರಲ್ಲಿ 666.66 ಡಾಲರ್‌ಗೆ ಮಾರಾಟಕ್ಕೆ ಬಂದ ಆಪಲ್-1 ಗಣಕಯಂತ್ರವೊಂದು 2024ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ 9,45,000 ಡಾಲರ್‌ಗೆ ಮಾರಾಟವಾಯಿತು. ಇಂತಹ ಯಂತ್ರಗಳು ಏಕೆ ವಿರಳವಾದವು, ಅವುಗಳನ್ನು ಹುಡುಕುವುದು ಏಕೆ ಕಷ್ಟ, ಅವುಗಳ ಬೆಲೆಯನ್ನು ನಿರ್ಧರಿಸುವ ಅಂಶಗಳಾವುವು ಎಂಬ ಪ್ರಶ್ನೆಗಳಿಗೆ ಆಪಲ್-1ರ ಇತಿಹಾಸವೇ ಉತ್ತಮ ಉದಾಹರಣೆಯಾಗಿದೆ.

ಸಾಲದ ಮೇಲೆ ನಿಂತ ಉತ್ಪಾದನೆ

ಆಪಲ್-1ನ್ನು ವಿನ್ಯಾಸಗೊಳಿಸಿದವರು ಸ್ಟೀವ್ ವೋಜ್ನಿಯಾಕ್; ಅದಕ್ಕೆ ಮಾರುಕಟ್ಟೆ ಹುಡುಕಿದವರು ಸ್ಟೀವ್ ಜಾಬ್ಸ್. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ 'ಬೈಟ್ ಶಾಪ್' ಎಂಬ ಮಳಿಗೆ ನಡೆಸುತ್ತಿದ್ದ ಪಾಲ್ ಟೆರೆಲ್ ಅವರು 50 ಯಂತ್ರಗಳಿಗೆ, ತಲಾ 500 ಡಾಲರ್‌ನಂತೆ, ಬೇಡಿಕೆ ಸಲ್ಲಿಸಿದರು. ಕೈಯಲ್ಲಿ ಬಂಡವಾಳವಿಲ್ಲದ ಜಾಬ್ಸ್ ಈ ಬೇಡಿಕೆಯನ್ನೇ ಆಧಾರವಾಗಿ ತೋರಿಸಿ, ಬಿಡಿಭಾಗಗಳನ್ನು 30 ದಿನಗಳ ಸಾಲದ ಮೇಲೆ ಪಡೆದು, ಜೋಡಿಸಿದ ಬೋರ್ಡುಗಳನ್ನು ಮಳಿಗೆಗೆ ಪೂರೈಸಿದರು. ಸಣ್ಣ ಉದ್ಯಮ ನಡೆಸುವ ಯಾರಿಗೂ ಈ ವ್ಯವಹಾರ ಅಪರಿಚಿತವಲ್ಲ. ಸಗಟು ಬೆಲೆಯ ಮೇಲೆ ಮೂರನೆಯ ಒಂದು ಭಾಗವನ್ನು ಸೇರಿಸಿ ಚಿಲ್ಲರೆ ಬೆಲೆಯನ್ನು 666.66 ಡಾಲರ್ ಎಂದು ನಿಗದಿಪಡಿಸಲಾಯಿತು.

ಗ್ರಾಹಕನಿಗೆ ದೊರೆಯುತ್ತಿದ್ದುದು ಹೊರಕವಚವಿಲ್ಲದ ಒಂದು ಹಸಿರು ಬೋರ್ಡು ಮಾತ್ರ. ಕೀಲಿಮಣೆ, ಪರದೆ, ಪವರ್ ಸಪ್ಲೈ ಎಲ್ಲವನ್ನೂ ಆತನೇ ಹೊಂದಿಸಿಕೊಳ್ಳಬೇಕಿತ್ತು. ಅದರ ಸ್ಮರಣ ಸಾಮರ್ಥ್ಯ 4 ಕಿಲೋಬೈಟ್. ಒಟ್ಟು ತಯಾರಾದ ಬೋರ್ಡುಗಳು ಸುಮಾರು 200. ಮಾರಾಟವಾದವು ಸುಮಾರು 175. 1977ರ ಏಪ್ರಿಲ್‌ನಲ್ಲಿ ಸುಧಾರಿತ ಆಪಲ್-2 ಬಂದೊಡನೆ ಆಪಲ್-1ರ ಬೆಲೆಯನ್ನು 475 ಡಾಲರ್‌ಗೆ ಇಳಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ ಅಂತ್ಯಕ್ಕೆ ಅದರ ಮಾರಾಟವೇ ನಿಂತಿತು.

ತಯಾರಕರೇ ನಾಶಪಡಿಸಿದ ಸರಕು

ಉಳಿದಿರುವ ಆಪಲ್-1 ಯಂತ್ರಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ಇದಕ್ಕೆ ಕಾಲಧರ್ಮವಷ್ಟೇ ಕಾರಣವಲ್ಲ. ಆಪಲ್-1 ಕೊಂಡವರು ಎದುರಿಸುತ್ತಿದ್ದ ತಾಂತ್ರಿಕ ಸಮಸ್ಯೆಗಳಿಗೆ ಉತ್ತರಿಸಬಲ್ಲವರು ಬಹುಮಟ್ಟಿಗೆ ವೋಜ್ನಿಯಾಕ್ ಒಬ್ಬರೇ ಆಗಿದ್ದರು. ಅವರ ಸಮಯ ಹೊಸ ಯಂತ್ರದ ಅಭಿವೃದ್ಧಿಗೆ ಮೀಸಲಾಗಬೇಕಿತ್ತು. ಆದ್ದರಿಂದ ಸಂಸ್ಥೆಯು ಹಳೆಯ ಬೋರ್ಡನ್ನು ಹಿಂದಿರುಗಿಸಿದವರಿಗೆ ಆಪಲ್-2 ಖರೀದಿಯಲ್ಲಿ ರಿಯಾಯಿತಿ ನೀಡಿತು ಮತ್ತು ಹಿಂದೆ ಬಂದ ಬೋರ್ಡುಗಳನ್ನು ನಾಶಪಡಿಸಿತು. ಮಾರಾಟೋತ್ತರ ಸೇವೆಯ ವೆಚ್ಚವನ್ನು ಉಳಿಸಲು ಕೈಗೊಂಡ ಆ ಕ್ರಮ ವ್ಯವಹಾರದ ದೃಷ್ಟಿಯಿಂದ ಸರಿಯಾದುದೇ. ಇಂದಿನ ಅಭಾವದ ಒಂದು ಮುಖ್ಯ ಕಾರಣವೂ ಅದೇ ಆಯಿತು.

ಹುಡುಕಾಟದ ತೊಡಕುಗಳು

ಸಂಗ್ರಾಹಕನ ಮೊದಲ ತೊಡಕು ದಾಖಲೆಯ ಕೊರತೆ. ಯಾವ ಯಂತ್ರ ಯಾರಿಗೆ ಮಾರಾಟವಾಯಿತು ಎಂಬುದರ ಪೂರ್ಣ ಪಟ್ಟಿ ಇಲ್ಲ. ಬೋರ್ಡುಗಳ ಮೇಲೆ ಕಾರ್ಖಾನೆ ಅಚ್ಚೊತ್ತಿದ ಕ್ರಮಸಂಖ್ಯೆಯೂ ಇಲ್ಲ. ಕೆಲವದರ ಹಿಂಬದಿಯಲ್ಲಿ ಮಾತ್ರ ಕೈಬರಹದ ಸಂಖ್ಯೆಗಳಿವೆ. ಅವು ಜಾಬ್ಸ್ ಅವರ ಕೈಬರಹವೆಂದು 2022ರಲ್ಲಿ ತಜ್ಞರು ದೃಢೀಕರಿಸಿದರು. ಹೀಗಾಗಿ ಪತ್ತೆಯಾದ ಪ್ರತಿಯೊಂದು ಬೋರ್ಡಿನ ಛಾಯಾಚಿತ್ರ, ಗುರುತು, ದುರಸ್ತಿಯ ವಿವರ ಹಾಗೂ ಕೈಬದಲಾದ ಇತಿಹಾಸವನ್ನು ಆಸಕ್ತರೇ ವರ್ಷಗಟ್ಟಲೆ ಶ್ರಮಿಸಿ ಒಂದು ನೋಂದಣಿ ಪಟ್ಟಿಯಲ್ಲಿ ದಾಖಲಿಸುತ್ತ ಬಂದಿದ್ದಾರೆ.

ಎರಡನೆಯ ತೊಡಕು ಮಾಲೀಕನ ಅರಿವಿಲ್ಲದಿರುವಿಕೆ. ಅಟ್ಟದ ಮೇಲೆ ಬಿದ್ದಿರುವ ಬೋರ್ಡು ಏನೆಂಬುದು ಮನೆಯವರಿಗೆ ತಿಳಿದಿರುವುದಿಲ್ಲ. 2015ರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಪಿಟಸ್‌ನಲ್ಲಿ ನಡೆದ ಘಟನೆ ಇದಕ್ಕೆ ನಿದರ್ಶನ. ಪತಿಯ ನಿಧನಾನಂತರ ಗ್ಯಾರೇಜನ್ನು ತೆರವುಗೊಳಿಸಿದ ಮಹಿಳೆಯೊಬ್ಬರು ಹಳೆಯ ವಿದ್ಯುನ್ಮಾನ ವಸ್ತುಗಳ ಪೆಟ್ಟಿಗೆಗಳನ್ನು ಮರುಬಳಕೆ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ತೆರಿಗೆ ವಿನಾಯಿತಿಗಾಗಿ ನೀಡುವ ರಶೀದಿಯೂ ಬೇಡವೆಂದು ಹೇಳಿ, ಹೆಸರು ವಿಳಾಸ ಬಿಡದೆ ಹೊರಟುಹೋದರು. ಕೆಲವು ವಾರಗಳ ಬಳಿಕ ಪೆಟ್ಟಿಗೆಗಳನ್ನು ಬಿಚ್ಚಿದಾಗ ಅದರಲ್ಲಿ ಆಪಲ್-1 ದೊರೆಯಿತು. 2,00,000 ಡಾಲರ್‌ಗೆ ಮಾರಾಟವೂ ಆಯಿತು. ಬಂದ ಹಣದಲ್ಲಿ ಅರ್ಧಭಾಗ ಕೊಟ್ಟವರಿಗೆ ಸಲ್ಲಬೇಕೆಂಬುದು ಆ ಸಂಸ್ಥೆಯ ಪದ್ಧತಿಯಾದ್ದರಿಂದ, 1,00,000 ಡಾಲರ್ ಸ್ವೀಕರಿಸಲು ಬರುವಂತೆ ಆ ಮಹಿಳೆಗೆ ಸಾರ್ವಜನಿಕ ಮನವಿ ಮಾಡಬೇಕಾಯಿತು. ಒಂದು ರಶೀದಿಯ ಪ್ರತಿ ಇದ್ದಿದ್ದರೆ ಆ ಮನವಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಮೂರನೆಯದಾಗಿ, ಗುಜರಿ ಮಾರುಕಟ್ಟೆಯೇ ಸಂಗ್ರಾಹಕನ ಪ್ರತಿಸ್ಪರ್ಧಿ. 1970ರ ದಶಕದ ಅನೇಕ ಐಸಿಗಳ ಕಾಲು ಹಾಗೂ ಮೇಲ್ಮುಚ್ಚಳಗಳಿಗೆ ಚಿನ್ನದ ಲೇಪವಿರುತ್ತಿತ್ತು. ಚಿನ್ನದ ಬೆಲೆ ಏರಿದಂತೆಲ್ಲ ಇಂತಹ ಬೋರ್ಡುಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಆಮ್ಲದಲ್ಲಿ ಕರಗಿಸಿ ಚಿನ್ನ ತೆಗೆಯುವವರು ಹೆಚ್ಚಾದರು. ಸಂಗ್ರಾಹಕ ತಲುಪುವ ವೇಳೆಗೆ ಸರಕು ಕರಗಿಹೋಗಿರುವುದು ಅಪರೂಪವಲ್ಲ.

ನಾಲ್ಕನೆಯದು ಯಂತ್ರದ ಸ್ಥಿತಿ. ಹಳೆಯ ಬೋರ್ಡುಗಳ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ. 1980ರ ದಶಕದ ಯಂತ್ರಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿದ ಬ್ಯಾಟರಿ ಸೋರಿ, ತಾಮ್ರದ ಜಾಡುಗಳನ್ನು ತಿಂದುಹಾಕುತ್ತದೆ. ಪರೀಕ್ಷಿಸದೆ ವಿದ್ಯುತ್ ಸಂಪರ್ಕ ಕೊಟ್ಟರೆ ಉಳಿದಿದ್ದ ಐಸಿಗಳೂ ಸುಟ್ಟುಹೋಗಬಹುದು. ಬದಲಿ ಭಾಗ ಹಾಕಿದರೆ ಯಂತ್ರ ನಡೆಯುತ್ತದೆ. ಆದರೆ ಮೂಲ ಭಾಗಗಳು ಎಷ್ಟು ಉಳಿದಿವೆ ಎಂಬುದರ ಮೇಲೆ ಬೆಲೆ ನಿಂತಿರುವುದರಿಂದ, ದುರಸ್ತಿ ಮಾಡುವುದೋ ಇದ್ದಂತೆ ಬಿಡುವುದೋ ಎಂಬ ಇಕ್ಕಟ್ಟು ತಪ್ಪಿದ್ದಲ್ಲ.

ಕೊನೆಯದಾಗಿ, ಪ್ರತಿರೂಪಗಳ ಸಮಸ್ಯೆ. ಮೂಲ ಬೋರ್ಡನ್ನೇ ಹೋಲುವ ಪ್ರತಿರೂಪಗಳನ್ನು ಹವ್ಯಾಸಿಗಳು ಕಲಿಕೆಯ ಉದ್ದೇಶದಿಂದ ಪ್ರಾಮಾಣಿಕವಾಗಿಯೇ ತಯಾರಿಸಿದ್ದಾರೆ. ಆದರೆ ಅವು ಕೈಬದಲಾದಂತೆ ಪ್ರತಿರೂಪವೆಂಬ ಮಾತು ಮರೆಯಾಗುವ ಅಪಾಯವಿದೆ. ಐಸಿಗಳ ಮೇಲೆ ಅಚ್ಚಾಗಿರುವ ತಯಾರಿಕೆಯ ವರ್ಷ ಮತ್ತು ವಾರ, ಬೆಸುಗೆಯ ರೀತಿ, ಹಳೆಯ ಛಾಯಾಚಿತ್ರಗಳೊಂದಿಗಿನ ಹೋಲಿಕೆ ಇವೆಲ್ಲವನ್ನೂ ಪರಿಶೀಲಿಸದೆ ಹಣ ಕೊಡುವುದು ಅವಿವೇಕ.

ಬೆಲೆಯನ್ನು ನಿರ್ಧರಿಸುವುದು ಯಾವುದು?

ವಿರಳತೆಯೊಂದರಿಂದಲೇ ಬೆಲೆ ಬರುವುದಿಲ್ಲ. 1971ರಲ್ಲಿ ಜಾನ್ ಬ್ಲಾಂಕೆನ್‌ಬೇಕರ್ ತಯಾರಿಸಿದ ಕೆನ್‌ಬಾಕ್-1 ಯಂತ್ರವನ್ನು 1986ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಂ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಮೊತ್ತಮೊದಲ ವೈಯಕ್ತಿಕ ಗಣಕಯಂತ್ರವೆಂದು ಆಯ್ಕೆ ಮಾಡಲಾಯಿತು. ತಯಾರಾದದ್ದು ಸುಮಾರು 50 ಮಾತ್ರ. ಸಂಖ್ಯೆಯಲ್ಲಿ ಆಪಲ್-1ಕ್ಕಿಂತ ವಿರಳವಾದರೂ ಬೆಲೆಯಲ್ಲಿ ಅದರ ಸಮೀಪಕ್ಕೆ ಬರಲಿಲ್ಲ. ಹಿಂದೆ ಬೃಹತ್ ಉದ್ಯಮದ ಕಥೆಯಿರುವ ಯಂತ್ರಕ್ಕೆ ಬೇಡಿಕೆ ಹೆಚ್ಚು.

ಆ ಕಥೆಯನ್ನು ರುಜುವಾತುಪಡಿಸುವುದು ಕಾಗದಪತ್ರ. 2010ರಲ್ಲಿ ಲಂಡನ್ನಿನಲ್ಲಿ 1,33,250 ಪೌಂಡ್‌ಗೆ ಹರಾಜಾದ ಆಪಲ್-1ರ ಜೊತೆಗೆ ಅದರ ಮೂಲ ಪೆಟ್ಟಿಗೆ, ಬೀಜಕ ಹಾಗೂ ಜಾಬ್ಸ್ ಸಹಿ ಮಾಡಿದ ಪತ್ರವೂ ಇದ್ದವು. ಕಾಗದವೇ ಯಂತ್ರವನ್ನು ಮೀರಿಸಿದ ಪ್ರಸಂಗವೂ ಉಂಟು. ಆಪಲ್ ಪಾಲುದಾರಿಕೆಯ ಮೂರನೆಯ ಪಾಲುದಾರ ರೊನಾಲ್ಡ್ ವೇಯ್ನ್ 1976ರಲ್ಲಿ 12 ದಿನಗಳಲ್ಲೇ ಹೊರಬಂದು ತಮ್ಮ ಶೇಕಡಾ 10ರ ಪಾಲನ್ನು ಬಿಟ್ಟುಕೊಟ್ಟಿದ್ದರು. ತಮ್ಮಲ್ಲಿದ್ದ ಪಾಲುದಾರಿಕೆ ಕರಾರುಪತ್ರವನ್ನು 1990ರ ದಶಕದಲ್ಲಿ 500 ಡಾಲರ್‌ಗೆ ಮಾರಿದರು. ಅದೇ ಪತ್ರ 2011ರ ಡಿಸೆಂಬರ್‌ನಲ್ಲಿ ಸದಬೀಸ್ ಹರಾಜಿನಲ್ಲಿ 15,94,500 ಡಾಲರ್ ತಂದಿತು.

ಹಾಗೆಂದು ಇದನ್ನು ಖಚಿತ ಲಾಭದ ಹೂಡಿಕೆಯೆಂದು ಭಾವಿಸಲಾಗದು. 2014ರ ಅಕ್ಟೋಬರ್‌ನಲ್ಲಿ ಬಾನಮ್ಸ್ ಹರಾಜಿನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು ಚಾಲನಾಸ್ಥಿತಿಯ ಆಪಲ್-1ನ್ನು 9,05,000 ಡಾಲರ್‌ಗೆ ಕೊಂಡಿತು. ಎರಡು ತಿಂಗಳೊಳಗೆ ಕ್ರಿಸ್ಟೀಸ್ ಹರಾಜಿಗೆ ಬಂದ ಮತ್ತೊಂದಕ್ಕೆ ದೊರೆತದ್ದು 3,65,000 ಡಾಲರ್. ಮೊದಲ ಖರೀದಿದಾರ 1976ರ ಜುಲೈನಲ್ಲಿ ನೀಡಿದ್ದ 600 ಡಾಲರ್‌ನ ಚೆಕ್ಕು ಜೊತೆಗಿದ್ದರೂ ಬೆಲೆ ಅಂದಾಜಿಗಿಂತ ಕೆಳಗೇ ನಿಂತಿತು. ಬೆರಳೆಣಿಕೆಯ ಕೊಳ್ಳುಗರಿರುವ ಮಾರುಕಟ್ಟೆಯಲ್ಲಿ ಆ ದಿನ ಸಭಾಂಗಣದಲ್ಲಿ ಯಾರಿದ್ದಾರೆ ಎಂಬುದೇ ನಿರ್ಣಾಯಕ. ಕಾಗದಪತ್ರವಿದ್ದರೆ ನಂಬಿಕೆ ಬರುತ್ತದೆ, ಬೆಲೆಯ ಖಾತರಿ ಬರುವುದಿಲ್ಲ.

ನಮ್ಮ ದೇಶದ ಸ್ಥಿತಿ

ಐಬಿಎಂ ಸಂಸ್ಥೆ 1978ರಲ್ಲಿ ಭಾರತದಿಂದ ನಿರ್ಗಮಿಸಿದ ನಂತರ ಇಸಿಐಎಲ್, ಎಚ್‌ಸಿಎಲ್, ಡಿಸಿಎಂ, ವಿಪ್ರೊ ಮೊದಲಾದ ಸಂಸ್ಥೆಗಳ ಗಣಕಯಂತ್ರಗಳು ನಮ್ಮ ಕಚೇರಿಗಳನ್ನು ಸೇರಿದವು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಡಿ ಬಿಬಿಸಿ ಮೈಕ್ರೊ ಯಂತ್ರಗಳು ಶಾಲೆಗಳಿಗೆ ಬಂದವು. ಭಾರತೀಯ ಲಿಪಿಗಳಿಗಾಗಿ ಸಿ-ಡ್ಯಾಕ್ ಹೊರತಂದ 'ಜಿಸ್ಟ್' ಕಾರ್ಡು ಕನ್ನಡವನ್ನೂ ಪರದೆಯ ಮೇಲೆ ಮೂಡಿಸಿತು. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಪ್ರಕಟವಾದ ಸಿಂಪ್ಯೂಟರ್, 2004ರಲ್ಲಿ 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ನಿರೀಕ್ಷಿತ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. ಇವು ಯಾವುವೂ ಆಪಲ್-1ರ ಬೆಲೆ ತರುವಂತಹವಲ್ಲ. ಆದರೆ ದೇಶದ ಕೈಗಾರಿಕಾ ಇತಿಹಾಸದ ಸಾಕ್ಷಿಗಳಾಗಿ ಇವುಗಳಿಗಿರುವ ಮಹತ್ವ ಕಡಿಮೆಯೇನಲ್ಲ.

ಇತ್ತ 2012ರ ಮೇ ತಿಂಗಳಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೆಯ ವಿದ್ಯುನ್ಮಾನ ಉಪಕರಣಗಳನ್ನು ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ವ್ಯವಸ್ಥೆ ತಂದವು. ಸೀಸ, ಪಾದರಸಗಳ ಅಪಾಯವಿರುವುದರಿಂದ ಇದು ಅಗತ್ಯ ಕ್ರಮವೇ. ಆದರೆ ಅಲ್ಲಿಗೆ ಹೋದ ಯಂತ್ರ ಪುಡಿಯಾಗಿ ಲೋಹವಾಗುತ್ತದೆ. ಆದ್ದರಿಂದ ಪರಿಶೀಲನೆ ನಡೆಯಬೇಕಾದುದು ಸರಕು ಗೇಟು ದಾಟುವ ಮೊದಲು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವ ಮುನ್ನ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಕೊಂಡ ವರ್ಷಗಳ ಪಟ್ಟಿ ಮಾಡಿ ಛಾಯಾಚಿತ್ರ ತೆಗೆದಿಡಬೇಕು.

2. ಮೂಲ ಬೀಜಕ, ಕೈಪಿಡಿ, ಪ್ಲಾಪಿಗಳು, ಪೆಟ್ಟಿಗೆ ಇವುಗಳನ್ನು ಯಂತ್ರದಿಂದ ಬೇರ್ಪಡಿಸಬಾರದು. ಲೆಕ್ಕಪತ್ರಗಳನ್ನು ಕಾಯ್ದಿರಿಸುವ ಶಾಸನಬದ್ಧ ಅವಧಿ ಮುಗಿಯಿತೆಂದು ಖರೀದಿ ಕಡತವನ್ನು ಸುಡುವ ಮೊದಲು ಒಮ್ಮೆ ನೋಡುವುದು ಒಳಿತು.

3. ಬಹುಕಾಲ ನಿಂತ ಯಂತ್ರಕ್ಕೆ ಕುತೂಹಲಕ್ಕೆಂದು ವಿದ್ಯುತ್ ಸಂಪರ್ಕ ಕೊಡಬಾರದು. ಬ್ಯಾಟರಿ ಇದ್ದಲ್ಲಿ ತಿಳಿದವರಿಂದ ತೆಗೆಸಬೇಕು.

4. ಸವಕಳಿ ಪಡೆದ ಆಸ್ತಿಯ ಮಾರಾಟದಿಂದ ಬಂದ ಹಣವನ್ನು ಆ ಆಸ್ತಿ ಸಮೂಹದ ಉಳಿಕೆ ಮೌಲ್ಯದಿಂದ ಕಳೆಯಬೇಕಾಗುತ್ತದೆ. ಹಣವು ಆ ಮೌಲ್ಯವನ್ನು ಮೀರಿದರೆ ಮಿಕ್ಕಿದ್ದು ಅಲ್ಪಾವಧಿ ಬಂಡವಾಳ ಲಾಭವೆನಿಸುತ್ತದೆ. ಯಂತ್ರ ಎಷ್ಟೇ ಹಳೆಯದಾದರೂ ಈ ನಿಯಮ ಬದಲಾಗದು.

5. ಮಾರಲಿ, ದಾನ ಕೊಡಲಿ, ಗುಜರಿಗೆ ಹಾಕಲಿ, ರಶೀದಿ ಪಡೆಯುವುದನ್ನು ಮರೆಯಬಾರದು.

ಪ್ರತಿ ಹಳೆಯ ಯಂತ್ರವನ್ನೂ ಕಾಪಾಡಿಕೊಳ್ಳಲು ಯಾವ ಉದ್ಯಮಕ್ಕೂ ಜಾಗವಿಲ್ಲ. ಹಾಗೆ ಮಾಡಬೇಕಾಗಿಯೂ ಇಲ್ಲ. ಆದರೆ ಗೋದಾಮು ಖಾಲಿ ಮಾಡುವ ದಿನ ಪಟ್ಟಿ ಹಿಡಿದು ಒಂದು ಗಂಟೆ ಪರಿಶೀಲಿಸಲು ಖರ್ಚೇನೂ ಬೀಳದು. ಲೆಕ್ಕಪುಸ್ತಕದ ಶೂನ್ಯವು ಸವಕಳಿ ಪೂರ್ಣಗೊಂಡಿತೆಂಬುದನ್ನು ಮಾತ್ರ ತಿಳಿಸುತ್ತದೆ. ಯಂತ್ರವನ್ನು ಉಳಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಮಾಲೀಕನೇ ಕಣ್ಣಾರೆ ನೋಡಿ ಕೈಗೊಳ್ಳಬೇಕು.